ಚೆಸ್ ಆಡಿದರೆ ಅಂಕ ಹೆಚ್ಚುತ್ತದೆಯೇ ಎಂದು ಕೇಳಿದವರಿಗೆ: ಕೋಲಾರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಕೋಲಾರ ಇವರಿಗೆ,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕೋಲಾರ ಇವರಿಗೆ,
ಹಾಗೂ ಜಿಲ್ಲೆಯ ಎಲ್ಲ ತಂದೆ ತಾಯಂದಿರಿಗೆ.

ಮಾನ್ಯರೇ,

ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಊರಿನ ಗ್ರಂಥಾಲಯಗಳಲ್ಲಿ, ಮಕ್ಕಳಿಗೆ ಚೆಸ್ ಕಲಿಸುವ ವಿಚಾರ ಈಚೆಗೆ ತಾಲ್ಲೂಕು ಮಟ್ಟದ ಸಭೆಯೊಂದರಲ್ಲಿ ಬಂದಿತ್ತು. ನಮ್ಮೂರಿನ ಕೇಂದ್ರದಲ್ಲಿ ಸಂಜೆ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಆಡಿಸುತ್ತೇನೆಂಬ ಕಾರಣಕ್ಕೆ ನನ್ನನ್ನೂ ಕರೆದಿದ್ದರು. ಮಣೆ, ಕಾಯಿ, ಒಂದೆರಡು ಗಡಿಯಾರ ಬೇಕೆಂದು ಕೇಳಿದೆ. ಸಭೆಯಲ್ಲಿದ್ದ ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಹೇಳಿದರು: “ಮೇಡಂ, ಚೆಸ್ ಆಡಿದರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಸುಧಾರಿಸುತ್ತದೆ ಎಂದು ಒಂದು ಪುಟ ಬರೆದುಕೊಡಿ. ಕಡತ ಸಲೀಸಾಗಿ ಮುಂದೆ ಹೋಗುತ್ತದೆ.”

ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆ ಎಷ್ಟನೆಯ ಸ್ಥಾನದಲ್ಲಿದೆ ಎಂಬ ಪ್ರಶ್ನೆಗೆ ವರ್ಷವಿಡೀ ಉತ್ತರ ಕೊಡಬೇಕಾದವರ ಕಷ್ಟ ನನಗೆ ಗೊತ್ತು. ಸೇವೆಯಲ್ಲಿದ್ದಷ್ಟು ಕಾಲ ಗಣಿತ ಶಿಕ್ಷಕಿಯಾಗಿ ನಾನೂ ಅದೇ ಪಟ್ಟಿಗೆ ಉತ್ತರ ಕೊಟ್ಟವಳು. ಆದರೂ ಆ ಒಂದು ಪುಟವನ್ನು ನಾನು ಬರೆದುಕೊಡಲಾರೆ. ಅದರಲ್ಲಿರಬೇಕಾದ ಮಾತು ನಿಜವಲ್ಲ. ನಿಜ ಯಾವುದು, ಅದು ಕಡತವನ್ನು ಮುಂದಕ್ಕೆ ಕಳಿಸಲು ಸಾಕೇ ಎಂಬುದನ್ನು ನೀವೇ ತೀರ್ಮಾನಿಸಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಪೋಷಕರೂ ಓದಬೇಕಾದದ್ದು ಇದರಲ್ಲಿ ಇರುವುದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅಂಕದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ 100 ಪ್ರಾಥಮಿಕ ಶಾಲೆಗಳನ್ನು ಚೀಟಿ ಎತ್ತುವ ಕ್ರಮದಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿನ ಒಂಬತ್ತು–ಹತ್ತು ವರ್ಷದ ಮಕ್ಕಳಿಗೆ ಒಂದು ಶೈಕ್ಷಣಿಕ ವರ್ಷ ಶಾಲಾ ಅವಧಿಯಲ್ಲಿಯೇ ಚೆಸ್ ಕಲಿಸಿದರು. ಇನ್ನೊಂದು ಗುಂಪಿನ ಮಕ್ಕಳು ಎಂದಿನ ಪಾಠ ಕೇಳಿದರು. ಚೆಸ್ ತರಗತಿ ಮುಗಿದು ಒಂದು ವರ್ಷ ಕಳೆದ ಮೇಲೆ ಗಣಿತದ ಅಂಕಗಳನ್ನು ಹೋಲಿಸಿ ನೋಡಿದರೆ ಚೆಸ್ ಕಲಿತವರು ಮುಂದಿರಲಿಲ್ಲ. ಓದಿನಲ್ಲೂ ವಿಜ್ಞಾನದಲ್ಲೂ ಹಾಗೆಯೇ. 2016ರಲ್ಲಿ ಪ್ರಕಟವಾದ ಆ ವರದಿಯನ್ನು ಮುಚ್ಚಿಟ್ಟು ನಾನು ಅಧಿಕಾರಿಗಳಿಗೆ ಪತ್ರ ಬರೆಯುವುದು ಹೇಗೆ?

ಅದಕ್ಕೂ ಬಹಳ ಹಿಂದೆ, 1973ರಲ್ಲಿ, ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು ಚೆಸ್ ಆಟಗಾರರ ನೆನಪಿನ ಶಕ್ತಿಯನ್ನು ಪರೀಕ್ಷಿಸಿದ್ದರು. ನಿಜವಾದ ಪಂದ್ಯವೊಂದರ ಮಧ್ಯದ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ನುರಿತ ಆಟಗಾರ ಬಹುಪಾಲು ಕಾಯಿಗಳನ್ನು ಅವುಗಳ ಮನೆಯಲ್ಲಿಯೇ ಮತ್ತೆ ಇಡಬಲ್ಲ. ಹೊಸಬನಿಗೆ ಕೆಲವೇ ಕಾಯಿಗಳು ನೆನಪಿರುತ್ತವೆ. ಆದರೆ ಅದೇ ಕಾಯಿಗಳನ್ನು ಅರ್ಥವಿಲ್ಲದಂತೆ ಮಣೆಯ ಮೇಲೆ ಚೆಲ್ಲಿ ತೋರಿಸಿದಾಗ ಇಬ್ಬರ ನಡುವಿನ ಅಂತರ ಬಹುತೇಕ ಅಳಿಸಿಹೋಯಿತು. ಅಂದರೆ ಚೆಸ್ ಕಲಿತವನಿಗೆ ಬೆಳೆದದ್ದು ಚೆಸ್ಸಿನ ನೆನಪು. ಅದು ಇತಿಹಾಸದ ಇಸವಿಗಳನ್ನೋ ರಸಾಯನಶಾಸ್ತ್ರದ ಸೂತ್ರಗಳನ್ನೋ ತಾನಾಗಿ ಹೊತ್ತುಕೊಳ್ಳುವುದಿಲ್ಲ.

ಪೋಷಕರೇ, ಇದನ್ನು ನಿಮಗಾಗಿಯೇ ಇಷ್ಟು ವಿವರವಾಗಿ ಹೇಳಿದೆ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿ. ಗುಕೇಶ್ ಹದಿನೆಂಟನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ಚೆಸ್ ತರಗತಿಗಳ ಜಾಹೀರಾತು ನಮ್ಮ ಪಟ್ಟಣಗಳ ಕಂಬಗಳಿಗೂ ಬಂದಿದೆ. ಬುದ್ಧಿಮಟ್ಟ ಹೆಚ್ಚುತ್ತದೆ, ಗಣಿತದಲ್ಲಿ ನೂರಕ್ಕೆ ನೂರು ಬರುತ್ತದೆ ಎಂಬ ಆಸೆಗೆ ಟೊಮೆಟೊ ಮಾರಿದ ದುಡ್ಡನ್ನು ತಿಂಗಳ ಶುಲ್ಕಕ್ಕೆ ಕಟ್ಟುತ್ತಿರುವ ಮನೆಗಳು ನನಗೆ ಗೊತ್ತು. ಆಟ ಇಷ್ಟವೆಂದು ಮಗುವನ್ನು ಕಳುಹಿಸುತ್ತಿದ್ದರೆ ಸಂತೋಷ, ಕಳುಹಿಸಿ. ಅಂಕಕ್ಕಾಗಿ ಕಳುಹಿಸುತ್ತಿದ್ದರೆ ಅದೇ ಒಂದು ಗಂಟೆಯಲ್ಲಿ ಮಗು ಗಣಿತದ ಲೆಕ್ಕಗಳನ್ನೇ ಮಾಡಲಿ. ಅಂಕ ಅದರಿಂದ ಬರುತ್ತದೆ.

ಅಧಿಕಾರಿಗಳಿಗೆ ಇದನ್ನು ಹೇಳಲು ಇನ್ನೊಂದು ಕಾರಣವಿದೆ. ಸುಳ್ಳು ಭರವಸೆಯ ಮೇಲೆ ತಂದ ಮಣೆಗಳು ಮೊದಲನೆಯ ಫಲಿತಾಂಶ ಬರುವವರೆಗೆ ಮಾತ್ರ ಉಳಿಯುತ್ತವೆ. ಅಂಕ ಏರಲಿಲ್ಲ ಎಂದು ಗೊತ್ತಾದ ದಿನ ಅವು ಬೀರು ಸೇರುತ್ತವೆ, ಆ ಗಂಟೆ ವಿಶೇಷ ತರಗತಿಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಅಂಕ ಕಡಿಮೆ ಬಂದ ಮಗುವಿಗೆ ‘ಮೊದಲು ಪಾಸಾಗು, ಆಮೇಲೆ ಆಡು’ ಎನ್ನುತ್ತಾರೆ. ನನ್ನ ಅನುಭವದಲ್ಲಿ ಈ ಆಟದಿಂದ ಹೆಚ್ಚು ಪಡೆದವರು ಅಂಥ ಮಕ್ಕಳೇ.

ಅವರು ಪಡೆದದ್ದು ಏನೆಂದು ಈಗ ಹೇಳುತ್ತೇನೆ.

ನಮ್ಮ ಕೇಂದ್ರದಲ್ಲಿ ಆಡುವ ಪ್ರತಿ ಮಗುವೂ ತನ್ನ ಹಾಗೂ ಎದುರಾಳಿಯ ಪ್ರತಿಯೊಂದು ನಡೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ದೊಡ್ಡ ಪಂದ್ಯಗಳಲ್ಲಿ ಇದು ಅಂತರರಾಷ್ಟ್ರೀಯ ನಿಯಮ. ಚಿಕ್ಕ ಮಕ್ಕಳಿಗೆ ಮೊದಮೊದಲು ಇದು ಬೇಸರದ ಕೆಲಸ. ಆದರೆ ಆಟದ ಫಲ ದಿನನಿತ್ಯದ ಬದುಕಿಗೆ ಸಾಗುವ ದಾರಿ ಯಾವುದಾದರೂ ಇದ್ದರೆ ಅದು ಈ ನೋಟ್‌ಬುಕ್ಕೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯಲ್ಲಿ, ಬೀದಿಯಲ್ಲಿ ಮಗು ಮಾಡುವ ಜಗಳಕ್ಕೆ ದಾಖಲೆ ಇರುವುದಿಲ್ಲ. ಯಾರು ಮೊದಲು ಬೈದರು, ಯಾರು ತಳ್ಳಿದರು ಎಂಬುದನ್ನು ಸಂಜೆಯ ಹೊತ್ತಿಗೆ ಇಬ್ಬರೂ ತಮಗೆ ಬೇಕಾದಂತೆ ತಿದ್ದಿಕೊಂಡಿರುತ್ತಾರೆ. ಚೆಸ್ ಸೋತ ಹುಡುಗನೂ ಮೊದಲು ಹಾಗೆಯೇ ಮಾಡುತ್ತಾನೆ: ನಾನು ಗೆಲ್ಲುತ್ತಿದ್ದೆ, ಅವನು ಮೋಸ ಮಾಡಿದ, ಪಕ್ಕದವರು ಗಲಾಟೆ ಮಾಡಿದರು. ಆಗ ನೋಟ್‌ಬುಕ್ ತೆರೆಯುತ್ತೇವೆ. ಇಬ್ಬರೂ ಅಕ್ಕಪಕ್ಕ ಕೂತು ಮೊದಲ ನಡೆಯಿಂದ ಕಾಯಿಗಳನ್ನು ಮತ್ತೆ ನಡೆಸುತ್ತಾರೆ. ಹದಿನೇಳನೆಯ ನಡೆಗೆ ಬಂದಾಗ ಹುಡುಗ ಸುಮ್ಮನಾಗುತ್ತಾನೆ. ಕುದುರೆಯನ್ನು ಆ ಮನೆಗೆ ಇಟ್ಟವನು ತಾನೇ. ಗೆದ್ದವನು ಅಷ್ಟರಲ್ಲಿ “ನಾನೂ ಇಲ್ಲಿ ಒಂದು ನೋಡಲಿಲ್ಲ, ನೀನು ಮಂತ್ರಿಯನ್ನು ಈ ಕಡೆ ತಂದಿದ್ದರೆ ನನಗೆ ಕಷ್ಟವಾಗುತ್ತಿತ್ತು” ಎನ್ನುತ್ತಾನೆ. ಸೋತವನ ಮುಖ ಬದಲಾಗುತ್ತದೆ. ಹತ್ತು ನಿಮಿಷದ ಹಿಂದೆ ಎದುರಾಳಿಗಳಾಗಿದ್ದವರು ಈಗ ಒಂದೇ ಪ್ರಶ್ನೆಯ ಮೇಲೆ ಬಾಗಿರುತ್ತಾರೆ.

ಇದು ತಿಂಗಳುಗಟ್ಟಲೆ ನಡೆದ ಮೇಲೆ ಆಗುವ ಬದಲಾವಣೆಯನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ಒಬ್ಬ ತಾಯಿ ಬಂದು, ಮಗ ಮನೆಯಲ್ಲಿ ತಂಗಿಯೊಡನೆ ಜಗಳವಾಡಿದಾಗ “ಶುರುವಿನಿಂದ ಹೇಳೋಣ” ಎನ್ನುತ್ತಾನೆ ಎಂದರು. ಅವನು ಎಲ್ಲ ವಿಷಯದಲ್ಲೂ ಸೌಮ್ಯನಾಗಿದ್ದಾನೆ ಎಂದು ನಾನು ಹೇಳುವುದಿಲ್ಲ, ಅಂಥದ್ದೇನೂ ಆಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುವ ಒಂದು ಅಭ್ಯಾಸ ಬಂದಿದೆ. ನನಗೆ ಅಷ್ಟು ಸಾಕು.

ಗುಕೇಶ್ ಗೆದ್ದು ವಿಶ್ವ ಚಾಂಪಿಯನ್ ಆದ ಆ 14ನೆಯ, ಕೊನೆಯ ಪಂದ್ಯವನ್ನು ಮಕ್ಕಳಿಗೆ ದಾಖಲೆ ಹಿಡಿದು ನಡೆ ನಡೆಯಾಗಿ ತೋರಿಸಿದ್ದೇನೆ. ಪಂದ್ಯ ಡ್ರಾ ಆಗುವಂತಿತ್ತು. 55ನೆಯ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ತಮ್ಮ ಆನೆಯನ್ನು ಇಡಬಾರದ ಮನೆಗೆ ಇಟ್ಟರು. ಆನೆಗಳೂ ಒಂಟೆಗಳೂ ವಿನಿಮಯವಾಗಿ ಉಳಿಯುವ ಪದಾತಿಗಳ ಆಟ ಗುಕೇಶ್‌ಗೆ ಗೆಲುವಾಗಿತ್ತು. ಮೂರು ನಡೆಗಳ ನಂತರ ಡಿಂಗ್ ಸೋಲೊಪ್ಪಿ ಕೈ ಕುಲುಕಿದರು. ವಿಶ್ವ ಚಾಂಪಿಯನ್ ಪಟ್ಟ ಕೈಬಿಟ್ಟ ಕ್ಷಣದಲ್ಲಿಯೂ ಮನುಷ್ಯ ಮಾಡಬೇಕಾದ ಮೊದಲ ಕೆಲಸ ಅದು. ಗುಕೇಶ್‌ನ ಗೆಲುವಿಗೆ ಚಪ್ಪಾಳೆ ತಟ್ಟಿದ ಮಕ್ಕಳು ಆಮೇಲೆ ಹೆಚ್ಚು ಕೇಳಿದ್ದು ಡಿಂಗ್ ಬಗ್ಗೆ. ಅಷ್ಟು ದೊಡ್ಡ ಆಟಗಾರನೂ ಹಾಗೆ ಇಡುತ್ತಾನೆಯೇ? ಇಟ್ಟ ಮೇಲೆ ಏನು ಮಾಡಿದ? ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತೆಂದು ಬದುಕೇ ಹೋಯಿತು ಎಂದುಕೊಳ್ಳುವ ವಯಸ್ಸಿನ ಮಕ್ಕಳು ಈ ಪ್ರಶ್ನೆ ಕೇಳುವಂತಾಗುವುದು ಚಿಕ್ಕ ಸಂಗತಿಯಲ್ಲ. ಪ್ರತಿ ವರ್ಷ ಫಲಿತಾಂಶದ ವಾರದಲ್ಲಿ ಪತ್ರಿಕೆ ಓದುವ ಎಲ್ಲರಿಗೂ ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಗೊತ್ತು.

ಇನ್ನೊಂದು ಸಂಗತಿ ಸ್ಟೇಲ್‌ಮೇಟ್. ಆಟ ತಿಳಿಯದವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ: ಎದುರಾಳಿಯ ರಾಜನ ಮೇಲೆ ಚೆಕ್, ಅಂದರೆ ನೇರ ದಾಳಿ, ಇಲ್ಲದೆಯೇ ಅವನಿಗೆ ನಡೆಸಲು ಒಂದು ನಡೆಯೂ ಉಳಿಯದಂತೆ ಮಾಡಿದರೆ ನಿಮ್ಮ ಬಳಿ ಎಷ್ಟೇ ಬಲವಿದ್ದರೂ ಆಟ ಡ್ರಾ. ಹೊಸದಾಗಿ ಕಲಿತ ಮಕ್ಕಳು ಮಂತ್ರಿ, ಎರಡು ಆನೆ ಎಲ್ಲವನ್ನೂ ಇಟ್ಟುಕೊಂಡು ಎದುರಿನ ಒಂಟಿ ರಾಜನನ್ನು ಸುತ್ತುಗಟ್ಟಿ, ಗೆದ್ದೆ ಎಂದು ಎದ್ದು ನಿಂತು, ಗೆಲುವಿನ ಒಂದು ಅಂಕದಲ್ಲಿ ಅರ್ಧ ಕಳೆದುಕೊಂಡು ಅಳುತ್ತಾರೆ. ಮುಂದಿನ ಸಲದಿಂದ ಅವರು ತಮ್ಮ ನಡೆಯ ಜೊತೆಗೆ ಅವನಿಗೆ ಏನು ಉಳಿದಿದೆ ಎಂದೂ ನೋಡಲು ಕಲಿಯುತ್ತಾರೆ. ಗದ್ದೆಯ ಬದುವಿಗಾಗಿ, ಕೊಳವೆಬಾವಿಯ ನೀರಿಗಾಗಿ ತಲೆಮಾರುಗಳಿಂದ ನ್ಯಾಯಾಲಯ ಹತ್ತುತ್ತಿರುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ! ಗೆಲ್ಲಬೇಕಾದವನು ಸೋಲುವವನಿಗೆ ಒಂದು ಮನೆ ಬಿಡಬೇಕು ಎಂಬ ನಿಯಮ ಹನ್ನೆರಡು ವರ್ಷದ ಮಗುವಿಗೆ ಉಪದೇಶವಿಲ್ಲದೆ ತಲುಪುವ ಜಾಗ ನನಗೆ ಬೇರೆಲ್ಲೂ ಕಂಡಿಲ್ಲ.

ಟೊಮೆಟೊ ಬೆಳೆಯ ಮಾತೂ ಇಲ್ಲಿ ಬರಬೇಕು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಕೆಲವೇ ವಾರಗಳಲ್ಲಿ ಬೆಲೆ ಕುಸಿದದ್ದೂ ನೆನಪಿದೆ. ನಮ್ಮ ಕೇಂದ್ರದ ಹುಡುಗಿಯೊಬ್ಬಳು, ಒಂಬತ್ತನೆಯ ತರಗತಿ, ಅಪ್ಪನಿಗೆ ಒಂದು ಪ್ರಶ್ನೆ ಕೇಳಿದಳಂತೆ: “ಈ ಬೆಲೆ ನೋಡಿ ನಾವು ಸಸಿ ಹಾಕುತ್ತಿದ್ದೇವೆ. ಬೇರೆಯವರೂ ಇದೇ ಬೆಲೆ ನೋಡಿರುತ್ತಾರಲ್ಲವೇ?” ಎದುರಾಳಿ ಏಕೆ ಹೀಗೆ ನಡೆಸಿದ, ನಾನು ಹೀಗೆ ನಡೆಸಿದರೆ ಅವನು ಏನು ಮಾಡುತ್ತಾನೆ ಎಂದು ದಿನವೂ ಕೇಳಿಕೊಳ್ಳುವ ಮಗುವಿಗೆ ಈ ಪ್ರಶ್ನೆ ಸಹಜವಾಗಿ ಬರುತ್ತದೆ. ಆದರೆ ಇದನ್ನು ಹಿಗ್ಗಿಸಿ ಹೇಳಬಾರದು. ಮಣೆಯ ಮೇಲೆ 32 ಕಾಯಿಗಳೂ ಇಬ್ಬರಿಗೂ ಕಾಣುತ್ತವೆ. ಅಲ್ಲಿ ಮಳೆ ಇಲ್ಲ, ಎಲೆ ಮುರುಟು ರೋಗ ಇಲ್ಲ, ದಲ್ಲಾಳಿಯ ಮನಸ್ಸಿನಲ್ಲಿರುವ ಲೆಕ್ಕ ಇಲ್ಲ. ರೈತನ ಮುಂದಿರುವ ಮಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿಗಳು ಕಾಣುವುದೇ ಇಲ್ಲ. ಚೆಸ್ ಕಲಿತವರಿಗೆ ಕೃಷಿ ಗೊತ್ತಾಗುವುದಿಲ್ಲ, ವ್ಯಾಪಾರವೂ ಗೊತ್ತಾಗುವುದಿಲ್ಲ. ತನ್ನೆದುರಿಗೆ ಇನ್ನೊಬ್ಬ ಯೋಚಿಸುವ ಮನುಷ್ಯ ಇದ್ದಾನೆ ಎಂಬ ಅರಿವು ಮಾತ್ರ ಅವರೊಡನೆ ಹೊರಗೆ ಬರುತ್ತದೆ. ಆ ಹುಡುಗಿಯ ಅಪ್ಪ ಟೊಮೆಟೊವನ್ನೇ ಹಾಕಿದರು ಎಂಬುದನ್ನೂ ಹೇಳಬೇಕು. ಆದರೆ ಮಗಳೊಡನೆ ಕೂತು ಲೆಕ್ಕ ಹಾಕಿದ ಮೇಲೆ ಹಾಕಿದರು.

ಪರೀಕ್ಷೆಯ ವಿಷಯದಲ್ಲಿ ನಾನು ಗಮನಿಸಿದ್ದು ಒಂದೇ. ಪ್ರಶ್ನೆಪತ್ರಿಕೆ ಓದಲೆಂದು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ 15 ನಿಮಿಷ ಕೊಡುತ್ತಾರೆ. ಗಡಿಯಾರ ಇಟ್ಟುಕೊಂಡು ಆಡಿ ರೂಢಿಯಾದ ಮಕ್ಕಳು ಆ ಹೊತ್ತನ್ನು ನಿಜವಾಗಿ ಓದಲು ಬಳಸುತ್ತಾರೆ, ಯಾವ ಪ್ರಶ್ನೆಗೆ ಎಷ್ಟು ಹೊತ್ತು ಎಂದು ಹಂಚಿಕೊಳ್ಳುತ್ತಾರೆ. ಇದರಿಂದ ಅಂಕ ಎಷ್ಟು ಹೆಚ್ಚಿತು ಎಂದು ಕೇಳಿದರೆ ನನ್ನ ಬಳಿ ಲೆಕ್ಕವಿಲ್ಲ. ಅದನ್ನು ಕಡತಕ್ಕೆ ಸೇರಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ: ಯಾರು ಯಾರ ಎದುರು ಕೂರುತ್ತಾರೆ ಎಂಬುದು. ನಮ್ಮದು ಗಡಿ ಜಿಲ್ಲೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು. ಕೆಜಿಎಫ್ ಕಡೆಯಿಂದ ಬರುವ ಮಕ್ಕಳದು ತಮಿಳು. ಉರ್ದು ಶಾಲೆಯ ಮಕ್ಕಳೂ ಬರುತ್ತಾರೆ. ಮಣೆಯ ಎದುರು ಮಾತಿನ ಅಗತ್ಯವೇ ಇಲ್ಲದ್ದರಿಂದ ಮೊದಲ ದಿನವೇ ಇವರೆಲ್ಲ ಒಬ್ಬರೊಡನೊಬ್ಬರು ಆಡಬಲ್ಲರು. ಆಮೇಲೆ ಆಟದ ಬಗ್ಗೆ ಜಗಳವಾಡುತ್ತ ಕನ್ನಡ ಕಲಿಯುತ್ತಾರೆ. ಭಾಷೆಗಿಂತ ಕಷ್ಟವಾದದ್ದು ಕೇರಿ. ಊರಿನ ಯಾವ ಮಗು ಯಾವ ಮನೆಯ ಹೊಸಿಲವರೆಗೆ ಹೋಗಬಹುದು, ಯಾರ ಪಕ್ಕ ಕೂರಬಹುದು ಎಂಬುದನ್ನು ಹಿರಿಯರು ಬಾಯಿಬಿಟ್ಟು ಹೇಳದೆಯೂ ಮಕ್ಕಳಿಗೆ ಕಲಿಸಿರುತ್ತಾರೆ. ಪಂದ್ಯದ ಜೋಡಿ ಪಟ್ಟಿ ಅದನ್ನು ಕೇಳುವುದಿಲ್ಲ. ಎರಡು ಅಂಕ ಗಳಿಸಿದವರು ಎರಡು ಅಂಕ ಗಳಿಸಿದವರ ಎದುರು ಕೂರಬೇಕು. ಆಟಕ್ಕೆ ಮೊದಲು ಕೈ ಕುಲುಕಬೇಕು, ಮುಗಿದ ಮೇಲೂ ಕೈ ಕುಲುಕಬೇಕು. ಎದುರಿನವರು ಮುಟ್ಟಿದ ಕಾಯಿಯನ್ನು ನೀವು ಮುಟ್ಟಿ ಮಣೆಯಿಂದ ತೆಗೆಯಬೇಕು. ಕೋಲಾರದ ಹಳ್ಳಿಯೊಂದರಲ್ಲಿ ಇದರ ಅರ್ಥ ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಒಂದು ಮಧ್ಯಾಹ್ನದಲ್ಲಿ ಐದು ಸುತ್ತು ಆಡಿದ ಮಗು ಐದು ಮನೆಗಳ ಮಕ್ಕಳ ಕೈ ಹಿಡಿದಿರುತ್ತದೆ.

ಹೆಣ್ಣುಮಕ್ಕಳ ವಿಷಯ ನನ್ನನ್ನು ನಿದ್ದೆಗೆಡಿಸುತ್ತದೆ. ಐದು, ಆರನೆಯ ತರಗತಿಯವರೆಗೆ ನಮ್ಮಲ್ಲಿ ಹುಡುಗಿಯರೇ ಹೆಚ್ಚು. ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಸಂಜೆ ಹೊತ್ತು ಹಸುವಿಗೆ ಮೇವು ಹಾಕಬೇಕು, ಹಾಲು ಡೇರಿಗೆ ಕೊಡಬೇಕು, ಅಮ್ಮ ತೋಟದಿಂದ ಬರುವ ಮೊದಲು ಅನ್ನಕ್ಕೆ ಇಡಬೇಕು. ಹುಡುಗರು ಕತ್ತಲಾಗುವವರೆಗೆ ಆಡುತ್ತಾರೆ. 2025ರ ಜುಲೈನಲ್ಲಿ ಮಹಿಳಾ ವಿಶ್ವಕಪ್ಪಿನ ಫೈನಲ್‌ನಲ್ಲಿ ಎದುರುಬದುರಾಗಿ ಕೂತವರು ಇಬ್ಬರೂ ಭಾರತೀಯರು: ಹತ್ತೊಂಬತ್ತರ ದಿವ್ಯಾ ದೇಶಮುಖ್ ಮತ್ತು ಆಂಧ್ರದ ಕೊನೇರು ಹಂಪಿ. ದಿವ್ಯಾ ಗೆದ್ದರು. ಹಂಪಿ ತಾಯಿಯಾದ ಮೇಲೆ ಮತ್ತೆ ಆಟಕ್ಕೆ ಬಂದು 2019ರಲ್ಲೂ 2024ರಲ್ಲೂ, ಬೇಗ ಮುಗಿಯುವ ಬಗೆಯ ಆಟದಲ್ಲಿ, ರ‍್ಯಾಪಿಡ್ ವಿಶ್ವ ಚಾಂಪಿಯನ್ ಆದವರು. ಅವರ ಪತ್ರಿಕಾ ಚಿತ್ರ ನಮ್ಮ ಕೇಂದ್ರದ ಗೋಡೆಯ ಮೇಲಿದೆ. ತೆಲುಗು ಮಾತನಾಡುವ ನಮ್ಮ ಹುಡುಗಿಯರಿಗೆ ಅವರು ಮನೆಯವರೇ. ಆದರೆ ಚಿತ್ರ ಅಂಟಿಸುವುದರಿಂದ ಸಂಜೆಯ ಕೆಲಸ ಹಗುರವಾಗುವುದಿಲ್ಲ. ಹುಡುಗಿಯರು ಉಳಿಯಬೇಕಾದರೆ ಆಟ ಶಾಲೆಯ ಅವಧಿಯಲ್ಲಿಯೇ ಇರಬೇಕು. ಶನಿವಾರದ ಕೊನೆಯ ಅವಧಿಯನ್ನು ಇದಕ್ಕೆ ಬಿಟ್ಟುಕೊಡಿ ಎಂದು ಶಿಕ್ಷಣ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ಅರ್ಮೇನಿಯಾ ಎಂಬ ಚಿಕ್ಕ ದೇಶ 2011ರಿಂದ ಪ್ರಾಥಮಿಕ ಶಾಲೆಗಳಲ್ಲಿ ಚೆಸ್ಸನ್ನು ಕಡ್ಡಾಯ ವಿಷಯವನ್ನಾಗಿ ಮಾಡಿದೆ. ನಾನು ಅಷ್ಟು ಕೇಳುತ್ತಿಲ್ಲ. ಕಡ್ಡಾಯ ಬೇಡ, ಪರೀಕ್ಷೆ ಖಂಡಿತ ಬೇಡ.

ಮನೆಯ ಹಿರಿಯರಲ್ಲಿ ಕೆಲವರಿಗೆ ಇನ್ನೊಂದು ಅಂಜಿಕೆ ಇದೆ. ಧರ್ಮರಾಯ ಪಗಡೆಯಾಡಿ ರಾಜ್ಯ ಕಳೆದುಕೊಂಡ, ಮಣೆ ಹಿಡಿದವರ ಮನೆ ಉದ್ಧಾರವಾಗುವುದಿಲ್ಲ ಎನ್ನುತ್ತಾರೆ. ಚೆಸ್ಸಿನಲ್ಲಿ ದಾಳವಿಲ್ಲ. ನಮ್ಮ ದೇವಸ್ಥಾನಗಳ ಜಗಲಿ ಕಲ್ಲುಗಳ ಮೇಲೆ ಹುಲಿ–ಕುರಿ ಆಟದ ಗೆರೆ ಕೊರೆದು ಆಡಿದವರೂ ದಾಳ ಹಾಕುತ್ತಿರಲಿಲ್ಲ, ಬರೀ ತಲೆ ಓಡಿಸುತ್ತಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಮನೆಗೂ ಎರಡನೆಯ ಬಾರಿ ಕಾಲಿಡದೆ ಕುದುರೆಯನ್ನು 64 ಮನೆಗಳಲ್ಲೂ ಸುತ್ತಿಸುವ ಒಗಟುಗಳನ್ನು ಕಟ್ಟಿದರು. ಕೇರಳದ ತ್ರಿಶ್ಶೂರು ಜಿಲ್ಲೆಯಲ್ಲಿ ಮರೋಟ್ಟಿಚಾಲ್ ಎಂಬ ಹಳ್ಳಿಯಿದೆ. ಕಳ್ಳಭಟ್ಟಿ, ಜೂಜಿನಲ್ಲಿ ಮುಳುಗಿದ್ದ ಆ ಊರಿನಲ್ಲಿ ಸಿ. ಉಣ್ಣಿಕೃಷ್ಣನ್ ಎಂಬವರು ತಮ್ಮ ಚಹಾ ಅಂಗಡಿಯಲ್ಲಿ ಮಣೆ ಹಾಕಿ ಬಂದವರಿಗೆಲ್ಲ ಚೆಸ್ ಕಲಿಸಿದರು. ಸಂಜೆ ಕಳೆಯಲು ಇನ್ನೊಂದು ಜಾಗ ಸಿಕ್ಕಿದ್ದೇ ಅಲ್ಲಿ ದೊಡ್ಡ ಬದಲಾವಣೆಗೆ ದಾರಿಯಾಯಿತು. ಇಂದು ಆ ಹಳ್ಳಿಯನ್ನು ಚೆಸ್ ಗ್ರಾಮ ಎಂದೇ ಕರೆಯುತ್ತಾರೆ. ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಅಪ್ಪಂದಿರಿಗೆ ನನ್ನ ಮನವಿ: ಭಾನುವಾರ ಒಂದು ಆಟವಾದರೂ ಮಗಳೊಡನೆ ಆಡಿ. ಬರದಿದ್ದರೆ ಅವಳಿಂದ ಕಲಿಯಿರಿ. ಅಪ್ಪನಿಗೆ ಕಲಿಸಿದ ಮಗು ಆ ವಾರವೆಲ್ಲ ನೆಟ್ಟಗೆ ನಡೆಯುತ್ತದೆ.

ಈ ಆಟದಿಂದ ಕೆಡುಕೂ ಆಗುತ್ತದೆ. ಮೊಬೈಲಿನಲ್ಲಿ ಒಂದು ನಿಮಿಷದ ಆಟ, ಮೂರು ನಿಮಿಷದ ಆಟ ರಾತ್ರಿ ಒಂದು ಗಂಟೆಯವರೆಗೆ ಆಡಿ ಬೆಳಿಗ್ಗೆ ತರಗತಿಯಲ್ಲಿ ತೂಗುವ ಹುಡುಗರಿದ್ದಾರೆ. ರೇಟಿಂಗ್ ಹತ್ತು ಅಂಕ ಇಳಿದರೆ ಅದನ್ನು ಮತ್ತೆ ಏರಿಸುವವರೆಗೆ ಅವರಿಗೆ ಸಮಾಧಾನವಿಲ್ಲ. ಎದುರಿಗೆ ಮನುಷ್ಯನ ಮುಖವಿಲ್ಲ, ಕೈ ಕುಲುಕುವುದಿಲ್ಲ, ಸೋತ ಆಟವನ್ನು ತಿರುಗಿ ನೋಡದೆ ಹೊಸ ಆಟದ ಗುಂಡಿ ಒತ್ತುತ್ತಾರೆ. ನಾನು ಮೇಲೆ ಹೇಳಿದ ಒಂದು ಒಳಿತೂ ಅದರಲ್ಲಿ ಇಲ್ಲ. ಮಗು ಚೆಸ್ ತಾನೇ ಆಡುತ್ತಿದೆ ಎಂದು ಸುಮ್ಮನಿರಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ಮಾಡಿ ನಿಷೇಧಿಸಿದೆ, ಒಳ್ಳೆಯದಾಯಿತು. ಆದರೆ ನಿದ್ದೆ ಕಾಯುವ ಕಾನೂನು ಇಲ್ಲ, ಅದನ್ನು ಮನೆಯವರೇ ಕಾಯಬೇಕು. ಮರದ ಅಥವಾ ಪ್ಲಾಸ್ಟಿಕ್ ಮಣೆ ಊರಿನಲ್ಲಿ ಸುಲಭವಾಗಿ ಸಿಗುವಂತಿದ್ದರೆ ಮೊಬೈಲಿನ ಎಳೆತ ಸ್ವಲ್ಪವಾದರೂ ತಗ್ಗುತ್ತದೆ. ಅರಿವು ಕೇಂದ್ರಗಳಲ್ಲಿ ಮಣೆ ಬೇಕೆಂದು ನಾನು ಹಟ ಹಿಡಿದಿರುವುದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ ಪಂದ್ಯಾವಳಿಗಳ ಬಗ್ಗೆ. ಇಲ್ಲಿ ನನ್ನ ದೂರು ಇದೆ. ನಾನು ಮಕ್ಕಳನ್ನು ಕರೆದುಕೊಂಡು ಹೋದ ಕೆಲವು ಪಂದ್ಯಾವಳಿಗಳನ್ನು ನಾಕೌಟ್ ಪದ್ಧತಿಯಲ್ಲಿ ನಡೆಸಿದರು. ಗಡಿ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಬಂದ ಮಗು ಇಪ್ಪತ್ತು ನಿಮಿಷದಲ್ಲಿ ಸೋತು, ಸಂಜೆ ವಾಹನ ಹೊರಡುವವರೆಗೆ ಮೈದಾನದ ಅಂಚಿನಲ್ಲಿ ಕೂತಿರುತ್ತದೆ. ಲೆಕ್ಕ ನೋಡಿ. 32 ಮಕ್ಕಳ ನಾಕೌಟ್‌ನಲ್ಲಿ 16 ಮಕ್ಕಳು ಒಂದೇ ಆಟ ಆಡಿ ಹೊರಗೆ ಹೋಗುತ್ತಾರೆ. ಒಟ್ಟು ನಡೆಯುವ ಆಟಗಳು 31. ಅದೇ 32 ಮಕ್ಕಳನ್ನು ಸ್ವಿಸ್ ಪದ್ಧತಿಯಲ್ಲಿ ಐದು ಸುತ್ತು ಆಡಿಸಿದರೆ ಯಾರೂ ಹೊರಗೆ ಹೋಗುವುದಿಲ್ಲ, ಪ್ರತಿ ಮಗುವಿಗೂ ಐದು ಆಟ, ಒಟ್ಟು 80 ಆಟಗಳು. ಸೋತವರು ಮುಂದಿನ ಸುತ್ತಿನಲ್ಲಿ ತಮ್ಮಷ್ಟೇ ಅಂಕ ಪಡೆದವರ ಎದುರು ಕೂರುತ್ತಾರೆ, ಬಹುಪಾಲು ಮಕ್ಕಳು ಸಂಜೆಯೊಳಗೆ ಒಂದಾದರೂ ಗೆದ್ದಿರುತ್ತಾರೆ. ಐದೂ ಆಟ ಗೆದ್ದವರು ಇದ್ದರೆ ಒಬ್ಬರೇ ಇರಲು ಸಾಧ್ಯ, ಆಗ ಚಾಂಪಿಯನ್ ಯಾರೆಂಬ ಗೊಂದಲವೂ ಬಾರದು. ಒಬ್ಬೊಬ್ಬರಿಗೆ 15 ನಿಮಿಷದ ಗಡಿಯಾರವಿಟ್ಟರೆ ಬೆಳಿಗ್ಗೆ ಹತ್ತಕ್ಕೆ ಶುರುವಾದ ಪಂದ್ಯಾವಳಿ ಊಟದ ವಿರಾಮವೂ ಸೇರಿ ಮಧ್ಯಾಹ್ನ ಮೂರೂವರೆಗೆ ಮುಗಿಯುತ್ತದೆ. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ 1895ರಲ್ಲಿಯೇ ಈ ಪದ್ಧತಿಯಲ್ಲಿ ಆಡಿಸಿದ್ದಾರೆ. ಇಂದು ಪ್ರಪಂಚದ ಹೆಚ್ಚಿನ ಮುಕ್ತ ಪಂದ್ಯಾವಳಿಗಳು ನಡೆಯುವುದು ಹೀಗೆಯೇ. ಜೋಡಿ ಮಾಡಲು ಉಚಿತ ತಂತ್ರಾಂಶಗಳಿವೆ. ಇಲ್ಲದಿದ್ದರೆ ಒಬ್ಬ ಗಣಿತ ಶಿಕ್ಷಕರು, ಒಂದು ಹಾಳೆ ಸಾಕು. ಜಿಲ್ಲೆಯ ಯಾವ ತಾಲ್ಲೂಕಿಗೆ ಕರೆದರೂ ಈ ಕೆಲಸ ಕಲಿಸಿಕೊಡಲು ನಾನು ಸ್ವಂತ ಖರ್ಚಿನಲ್ಲಿ ಬರುತ್ತೇನೆ.

ಚೆಸ್ಸಿನಿಂದ ಬದುಕಿಗೆ ಬರುವುದೆಲ್ಲ ಆಡಿದ ಆಟಗಳಿಂದ ಬರುತ್ತದೆ. ಅದರಲ್ಲೂ ಸೋತು, ಮತ್ತೆ ಕೂತು, ಸೋತದ್ದನ್ನು ಬಿಡಿಸಿ ನೋಡಿದ ಆಟಗಳಿಂದ ಬರುತ್ತದೆ. ಒಂದೇ ಆಟ ಆಡಿಸಿ ಮನೆಗೆ ಕಳುಹಿಸಿದ ಮಗುವಿಗೆ ನಾವು ಕೊಟ್ಟದ್ದು ಬರೀ ಸೋಲು.

ಆದ್ದರಿಂದ ನಾನು ಕೇಳುವುದು ಇಷ್ಟು. ಪ್ರತಿ ಅರಿವು ಕೇಂದ್ರಕ್ಕೆ ನಾಲ್ಕು ಮಣೆಗಳನ್ನಾದರೂ ಕೊಡಿ. ಅವುಗಳ ಜೊತೆಗೆ ನಡೆಗಳನ್ನು ಬರೆಯುವ ನೋಟ್‌ಬುಕ್ಕುಗಳನ್ನೂ ಕೊಡಿ, ಮಣೆಗಿಂತ ಅವು ಮುಖ್ಯ. ಕಣ್ಣು ಕಾಣದ ಮಕ್ಕಳು ಆಡುವ ಮಣೆ ತಾಲ್ಲೂಕಿಗೆ ಒಂದಾದರೂ ಇರಲಿ. ಕಪ್ಪು ಮನೆಗಳು ಉಬ್ಬಿರುವ, ಕಾಯಿಗಳನ್ನು ತೂತಿಗೆ ಸಿಕ್ಕಿಸುವ ಅಂಥ ಮಣೆಯ ಮೇಲೆ ಆಡಿಯೇ ಶಿವಮೊಗ್ಗದ ಕಿಶನ್ ಗಂಗೊಳ್ಳಿ ರಾಷ್ಟ್ರೀಯ ಅಂಧರ ಚೆಸ್ ಚಾಂಪಿಯನ್ ಆದರು. ಕೇಂದ್ರಗಳ ಸಾಧನೆಯನ್ನು ಗೆದ್ದ ಕಪ್‌ಗಳ ಲೆಕ್ಕದಲ್ಲಿ ಅಳೆಯಬೇಡಿ. ಎಂಟನೆಯ ತರಗತಿ ದಾಟಿದ ಮೇಲೂ ಎಷ್ಟು ಹುಡುಗಿಯರು ಆಡುತ್ತಿದ್ದಾರೆ ಎಂದು ಕೇಳಿ. ಯಾರನ್ನೂ ಗ್ರ್ಯಾಂಡ್‌ಮಾಸ್ಟರ್ (ಚೆಸ್ಸಿನ ಅತಿ ದೊಡ್ಡ ಪಟ್ಟ) ಮಾಡುತ್ತೇವೆಂದು ಘೋಷಿಸುವುದೂ ಬೇಡ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ ಆ ಪಟ್ಟ ಪಡೆದಾಗ ಅವರಿಗೆ ಮೂವತ್ತು ದಾಟಿತ್ತು. ನಮ್ಮ ಮಕ್ಕಳಿಗೆ ಇನ್ನೂ ಬೇಕಾದಷ್ಟು ಹೊತ್ತಿದೆ.

ಕಡತದಲ್ಲಿ ‘ಯೋಜನೆಯ ಉದ್ದೇಶ’ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಆ ಸಭೆಯಲ್ಲಿ ಕೇಳಿದ ಅಧಿಕಾರಿಗಳಿಗೆ ನನ್ನ ಉತ್ತರ ಇದು: “ಜಿಲ್ಲೆಯ ಮಕ್ಕಳು ಒಬ್ಬರೆದುರೊಬ್ಬರು ಕೂತು ಯೋಚಿಸಲು.” ಈ ವಾಕ್ಯಕ್ಕೆ ಸಹಿ ಹಾಕಲು ನಾನು ಯಾವಾಗ ಬೇಕಾದರೂ ಬರುತ್ತೇನೆ. ಅಂಕದ ವಾಕ್ಯ ಬಿಡಿ. ಮುಂದಿನ ತಾಲ್ಲೂಕು ಮಟ್ಟದ ಪಂದ್ಯಾವಳಿಯ ಸುತ್ತೋಲೆಯಲ್ಲಿ ನಾಕೌಟ್ ಎಂಬ ಪದ ಹೊಡೆದುಹಾಕಿ ‘ಸ್ವಿಸ್ ಪದ್ಧತಿ, ಐದು ಸುತ್ತು’ ಎಂದು ಬರೆಯಲು ಹಣವೂ ಬೇಡ, ಕಡತವೂ ಬೇಡ. ಅದನ್ನು ಈ ವಾರವೇ ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ